ಫ್ಲೀಟ್ ಫಾಕ್ಸಸ್: ಹಾಡುತ್ತಿರುವುದು ಎಷ್ಟು ಜನ?

ಅಮೆರಿಕದ ಜಾನಪದ ಶೈಲಿಯ ಫ್ಲೀಟ್ ಫಾಕ್ಸಸ್ ಬ್ಯಾಂಡನ್ನು ಕೇಳಬೇಕು ಅಂದವರಿಗೆಲ್ಲ ಸಾಮಾನ್ಯವಾಗಿ ಒಂದೇ ಸಲಹೆ ಸಿಗುತ್ತದೆ: 2008ರ ಮೊದಲ ಆಲ್ಬಮಿನಿಂದ ಶುರು ಮಾಡಿ. ನನ್ನ ಸಲಹೆ ಬೇರೆ. 2020ರ ‘ಶೋರ್’ ಮೊದಲು ಕೇಳಿ. ಅದು ಕಿವಿಗೆ ಹಿಡಿಸಿದ ಮೇಲೆ ಹಳೆಯದಕ್ಕೆ ಹೋಗಿ. ಈ ಬ್ಯಾಂಡ್ ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದು ಹಾಗೆ ಕೇಳಿದರೇ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಶಿರಸಿಯವಳು. ಈಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ. ಈ ಊರಿನ ಲೇಕ್ ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ರಾಬಿನ್ ಪೆಕ್‌ನೋಲ್ಡ್ ಮತ್ತು ಸ್ಕೈಲರ್ ಶೆಲ್ಸೆಟ್ ಸ್ನೇಹಿತರಾದರು. 2006ರಲ್ಲಿ ಬ್ಯಾಂಡ್ ಕಟ್ಟಿದರು. ಹಾಡು ಬರೆಯುವವರೂ ಮುಖ್ಯ ಗಾಯಕರೂ ಪೆಕ್‌ನೋಲ್ಡ್. ಆ ಸ್ಕೂಲಿನ ಮುಂದೆ ನಾನು ದಿನಾ ಓಡಾಡುತ್ತೇನೆ. ಹಾಗಂತ ಊರಿನವರು ಅನ್ನೋ ಅಭಿಮಾನಕ್ಕೆ ಇದನ್ನು ಬರೆಯುತ್ತಿಲ್ಲ. ನಮ್ಮ ಕನ್ನಡ ಬಳಗದಲ್ಲಿ ರಾಜ್ಯೋತ್ಸವಕ್ಕೆ, ಯುಗಾದಿಗೆ ಕೋರಸ್ ಹಾಡುವವಳು ನಾನು. ಹತ್ತು ಜನ ಸೇರಿ ಹಾಡುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತು. ಅದಕ್ಕೇ ಇವರ ಕೆಲಸದ ಬೆಲೆ ನನಗೆ ಜಾಸ್ತಿ ಕಾಣುತ್ತದೆ.

ಶಿವಮೊಗ್ಗದಲ್ಲಿರುವ ಅಕ್ಕನ ಮಗಳಿಗೆ ಒಂದು ಹಾಡು ಕಳಿಸಿದ್ದೆ. ಅವಳು ಕೇಳಿದ್ದು ಇಷ್ಟೇ: “ಚಿಕ್ಕಮ್ಮಾ, ಇದರಲ್ಲಿ ಹಾಡ್ತಿರೋದು ಎಷ್ಟು ಜನ?” ಈ ಬ್ಯಾಂಡಿನ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅದು. ನಾಲ್ಕು ಆಲ್ಬಮ್‌ಗಳಲ್ಲಿ ಅದಕ್ಕೆ ನಾಲ್ಕು ಬೇರೆ ಬೇರೆ ಉತ್ತರ ಇದೆ.

ಅವಳು ಕೇಳಿದ್ದ ಹಾಡು ‘ವೈಟ್ ವಿಂಟರ್ ಹಿಮ್ನಲ್’, ಮೊದಲ ಆಲ್ಬಮಿನದು. ಎರಡೂವರೆ ನಿಮಿಷವೂ ಇಲ್ಲ. ಇರುವುದು ಒಂದೇ ಚರಣ, ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ. ಶುರುವಿನಲ್ಲಿ ಒಬ್ಬನ ದನಿ ಮೊದಲ ಸಾಲಿನ ಒಂದು ತುಂಡನ್ನು ಹೇಳುತ್ತದೆ. ಅದೇ ತುಂಡು ಮತ್ತೆ ಬರುವಾಗ ಮೇಲೆ ಇನ್ನೊಂದು ದನಿ ಕೂತಿರುತ್ತದೆ. ಆಮೇಲೆ ಮತ್ತೊಂದು. ಹೀಗೆ ದನಿ ಮೇಲೆ ದನಿ ಏರುತ್ತಾ ಹೋಗಿ, ಇನ್ನು ಜಾಗ ಇಲ್ಲ ಅನ್ನುವಾಗ ಡ್ರಮ್ ಬೀಳುತ್ತದೆ. ಕೆಂಪು ಸ್ಕಾರ್ಫ್ ಸುತ್ತಿಕೊಂಡು ಹಿಮದಲ್ಲಿ ಹೋಗುತ್ತಿರುವ ಗುಂಪು, ಬಿದ್ದ ಒಬ್ಬ, ಕೆಂಪಾದ ಹಿಮ. ಕಥೆ ಅಷ್ಟೇ, ಮುಂದೇನಾಯಿತು ಅಂತ ಹೇಳುವುದಿಲ್ಲ. ಮಕ್ಕಳ ಪದ್ಯದ ಹಾಗೆ ಸರಳವಾಗಿದೆ, ಆದರೆ ಕೇಳಿದ ಮೇಲೆ ಒಂಥರಾ ಕಸಿವಿಸಿ ಉಳಿಯುತ್ತದೆ.

ನಮ್ಮ ಕಡೆಯ ಕೋರಸ್ ಹೇಗಿರುತ್ತದೆ ಗೊತ್ತಲ್ಲ? ಮುಖ್ಯ ಗಾಯಕರು ಪಲ್ಲವಿ ಹಾಡುತ್ತಾರೆ, ನಾವು ಅದೇ ಸಾಲನ್ನು ಅದೇ ಸ್ವರದಲ್ಲಿ ಎತ್ತಿಕೊಳ್ಳುತ್ತೇವೆ. ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಬಹುದು, ಅಷ್ಟೇ. ಭಜನೆಯಲ್ಲೂ ಹೀಗೇ. ಎಲ್ಲರೂ ಒಂದೇ ದಾರಿಯಲ್ಲಿ ಹೋಗುವುದೇ ಚೆಂದ. ಇವರದು ಹಾರ್ಮನಿ. ಪದ ಎಲ್ಲರಿಗೂ ಒಂದೇ, ಸ್ವರ ಒಬ್ಬೊಬ್ಬರಿಗೂ ಬೇರೆ. ಮೇಲಿನ ದನಿಯನ್ನು ಯಾರು ಬೇಕಾದರೂ ಹಿಡಿಯುತ್ತಾರೆ, ಕೆಳಗಿನದೂ ಸಿಗುತ್ತದೆ. ನಡುವಿನ ದನಿಯನ್ನು ಮಾತ್ರ ಕಿವಿಕೊಟ್ಟು ಹುಡುಕಬೇಕು. ಒಮ್ಮೆ ಸಿಕ್ಕಿತೋ, ಆಮೇಲೆ ಆ ಹಾಡು ಮೊದಲಿನ ಹಾಗೆ ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಪ್ರಯತ್ನ ಮಾಡಿ ನೋಡಿ.

ಮೊದಲ ಆಲ್ಬಮಿನ ಹೆಸರೂ ‘ಫ್ಲೀಟ್ ಫಾಕ್ಸಸ್’ ಅಂತಲೇ. 2008ರ ಜೂನ್‌ನಲ್ಲಿ ಸಿಯಾಟಲ್‌ನ ಸಬ್ ಪಾಪ್ ಕಂಪನಿಯಿಂದ ಬಂತು. ನಿರ್ಮಾಪಕ ಫಿಲ್ ಎಕ್. ಪೆಕ್‌ನೋಲ್ಡ್‌ಗೆ ಆಗ 22 ವರ್ಷ. ರೆಕಾರ್ಡಿನಲ್ಲಿ ಗುಂಪು ಹಾಡಿದಂತೆ ಕೇಳುತ್ತದಲ್ಲ, ಅದರಲ್ಲಿ ಎಷ್ಟೋ ಪದರ ಅವರೊಬ್ಬರದೇ ದನಿ, ಒಂದರ ಮೇಲೊಂದು ರೆಕಾರ್ಡ್ ಮಾಡಿ ಕೂರಿಸಿದ್ದು. ದೊಡ್ಡ ಕಲ್ಲಿನ ಕಟ್ಟಡದೊಳಗೆ ನಿಂತು ಹಾಡಿದ ಹಾಗೆ ಪ್ರತಿಧ್ವನಿ ಬೇರೆ. ಕೆಲವರಿಗೆ ಆ ಪ್ರತಿಧ್ವನಿ ಅತಿಯಾಯಿತು ಅನ್ನಿಸುತ್ತದೆ. ನನಗೆ ‘ರ‍್ಯಾಗೆಡ್ ವುಡ್’ ಹಾಡಿನಲ್ಲಿ ಹಾಗೆ ಅನ್ನಿಸುತ್ತದೆ, ಬೇರೆಲ್ಲೂ ಇಲ್ಲ.

ಇಂಗ್ಲಿಷ್ ಹಾಡಿನ ಪದ ಅರ್ಥವಾಗುವುದಿಲ್ಲ ಅಂತ ಹಿಂಜರಿಯುವವರು ಇದರಲ್ಲಿರುವ ‘ಹರ್ಡ್ ದೆಮ್ ಸ್ಟರಿಂಗ್’ ಕೇಳಿ. ಅದರಲ್ಲಿ ಪದಗಳೇ ಇಲ್ಲ. ಬರೀ ಸ್ವರ, ಬರೀ ಗಂಟಲು. ‘ಟೈಗರ್ ಮೌಂಟನ್ ಪೆಸೆಂಟ್ ಸಾಂಗ್’ ಇದಕ್ಕೆ ಪೂರಾ ಉಲ್ಟಾ: ಒಂದು ಗಿಟಾರ್, ಒಬ್ಬ ಮನುಷ್ಯ, ಸಾವಿನ ಮಾತು. ಟೈಗರ್ ಮೌಂಟನ್ ಇಲ್ಲೇ ಇಸಾಕ್ವಾ ಹತ್ತಿರ ಇದೆ, ಶನಿವಾರ ಬಂದರೆ ನಮ್ಮವರೆಲ್ಲ ಹತ್ತಲು ಹೋಗುವ ಗುಡ್ಡ.

ಈ ಆಲ್ಬಮಿನ ಹೊದಿಕೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊಬೈಲಿನಲ್ಲಿ ಅದು ಸುಮ್ನೆ ಕಂದು ಬಣ್ಣದ ಗಜಿಬಿಜಿಯಾಗಿ ಕಾಣುತ್ತದೆ. ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಕೈಯಲ್ಲಿ ಹಿಡಿದರೆ ಕಥೆಯೇ ಬೇರೆ. ಅದು ಪೀಟರ್ ಬ್ರೂಗಲ್ 1559ರಲ್ಲಿ ಬರೆದ ಚಿತ್ರ. ಒಂದು ಹಳ್ಳಿಯ ತುಂಬಾ ಜನ, ಒಬ್ಬೊಬ್ಬರೂ ಒಂದೊಂದು ಡಚ್ ಗಾದೆಯನ್ನು ಮಾಡಿ ತೋರಿಸುತ್ತಿದ್ದಾರೆ. ನೂರಕ್ಕೂ ಹೆಚ್ಚು ಗಾದೆ ಇದೆಯಂತೆ. ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಕರು ಬಿದ್ದು ಸತ್ತ ಮೇಲೆ ಹೊಂಡ ಮುಚ್ಚುತ್ತಿದ್ದಾನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಾವು ಹೇಳುವುದನ್ನೇ ಅವನು ಸಲಿಕೆ ಹಿಡಿದು ಮಾಡುತ್ತಿದ್ದಾನೆ. ದೂರದಿಂದ ಶಾಂತವಾದ ಹಳ್ಳಿ, ಹತ್ತಿರ ಹೋದರೆ ಎಲ್ಲರೂ ಒಂದೊಂದು ಪೆದ್ದು ಕೆಲಸದಲ್ಲಿ ಮುಳುಗಿದ್ದಾರೆ. ಹಾಡುಗಳೂ ಹಾಗೇ ಇವೆ. ಮೇಲೆ ಇಂಪು, ಒಳಗೆ ಸಾವು, ಅಗಲಿಕೆ, ಕಳೆದುಹೋದ ತಮ್ಮ. ಆ ವರ್ಷ ಬ್ರಿಟನ್ನಿನ ಅನ್‌ಕಟ್ ಪತ್ರಿಕೆ ತನ್ನ ಮೊಟ್ಟಮೊದಲ ಸಂಗೀತ ಪ್ರಶಸ್ತಿಯನ್ನು ಈ ಆಲ್ಬಮಿಗೇ ಕೊಟ್ಟಿತು.

ಮುಂದಿನ ಟೂರ್‌ಗಳಲ್ಲಿ ರೆಕಾರ್ಡಿನ ಆ ಪದರಗಳನ್ನು ವೇದಿಕೆಯಲ್ಲಿ ನಿಜವಾಗಿ ಹಾಡಬೇಕಾಯಿತು. ಕೀಬೋರ್ಡಿನ ಕೇಸಿ ವೆಸ್ಕಾಟ್, ಬೇಸ್ ಗಿಟಾರಿನ ಕ್ರಿಶ್ಚಿಯನ್ ವಾರ್ಗೋ, ಡ್ರಮ್ಮಿನ ಜೋಶ್ ಟಿಲ್ಮನ್, ಜೊತೆಗೆ ಪೆಕ್‌ನೋಲ್ಡ್. ನಾಲ್ಕು ಗಂಟಲು. ಡ್ರಮ್ ಬಾರಿಸುತ್ತಾ ಹಾರ್ಮನಿ ಹಾಡುವುದು ಸುಲಭದ ಮಾತಲ್ಲ, ಕೈಯ ಲಯ ಒಂದು ಕಡೆ, ಉಸಿರು ಇನ್ನೊಂದು ಕಡೆ ಎಳೆಯುತ್ತದೆ. ಆ ಕಾಲದ ವಿಡಿಯೊಗಳಲ್ಲಿ ಟಿಲ್ಮನ್ ಅದನ್ನು ಸಲೀಸಾಗಿ ಮಾಡುತ್ತಾರೆ.

2011ರ ಮೇ ತಿಂಗಳಲ್ಲಿ ‘ಹೆಲ್ಪ್‌ಲೆಸ್‌ನೆಸ್ ಬ್ಲೂಸ್’ ಬಂತು. ಮತ್ತೆ ಫಿಲ್ ಎಕ್. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಬಂದ ಕೂಡಲೇ ನಾಲ್ಕನೇ ಸ್ಥಾನಕ್ಕೆ ಹೋಯಿತು. ಜಾನಪದ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿಗೂ ನಾಮನಿರ್ದೇಶನವಾಯಿತು. ಇಲ್ಲಿ ‘ನಾವು’ ಹೋಗಿ ‘ನಾನು’ ಬರುತ್ತದೆ. ಮೊದಲ ಹಾಡಿನಲ್ಲೇ ಹಾಡುವವನಿಗೆ ವಯಸ್ಸಿನ ಲೆಕ್ಕ: ಅಪ್ಪ ಅಮ್ಮನಿಗೆ ಮಗಳು ಹುಟ್ಟಿದಾಗ ಇದ್ದ ವಯಸ್ಸನ್ನು ತಾನು ದಾಟಿಬಿಟ್ಟಿದ್ದೇನೆ, ನಾನೇನು ಮಾಡಿದೆ ಅಂತ. ಶೀರ್ಷಿಕೆ ಗೀತೆಯಲ್ಲಿ ಇನ್ನೂ ನೇರವಾಗಿ ಮಾತಾಡುತ್ತಾನೆ. ನೀನು ಎಲ್ಲರಂತಲ್ಲ, ನೀನು ವಿಶೇಷ ಅಂತ ಹೇಳಿ ಬೆಳೆಸಿದರು. ಈಗ ಅನ್ನಿಸುತ್ತಿದೆ, ದೊಡ್ಡ ಯಂತ್ರದಲ್ಲಿ ಒಂದು ಸಣ್ಣ ಹಲ್ಲಾಗಿದ್ದರೂ ಸಾಕಿತ್ತು. ಊರು ಬಿಟ್ಟು ಬಂದು ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುತ್ತಾ ತೋಟದ ಕನಸು ಕಾಣುವ ನಮ್ಮಂಥವರಿಗೆ ಈ ಹಾಡು ನೇರ ಎದೆಗೇ ಬಂದು ತಾಗುತ್ತದೆ. ಹಾಡಿನ ಕೊನೆಯಲ್ಲಿ ಅವನೂ ಬಯಸುವುದು ಒಂದು ಹಣ್ಣಿನ ತೋಟವನ್ನೇ. ನಾಲ್ಕೂ ಆಲ್ಬಮ್ ಸೇರಿಸಿ ನೋಡಿದರೆ ಇದಕ್ಕಿಂತ ದೊಡ್ಡ ಹಾಡನ್ನು ಇವರು ಮಾಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇದೇ ಆಲ್ಬಮಿನ ‘ದ ಶ್ರೈನ್ / ಆ್ಯನ್ ಆರ್ಗ್ಯುಮೆಂಟ್’ ಎಂಟು ನಿಮಿಷ ಇದೆ. ನಡುವೆ ಒಂದು ಕಡೆ ಪೆಕ್‌ನೋಲ್ಡ್ ದನಿ ಸೀಳಿಹೋಗುತ್ತದೆ. ಅದನ್ನು ಹಾಗೇ ಬಿಟ್ಟಿದ್ದಾರೆ. ಕೊನೆಗೆ ಊದುವಾದ್ಯ ಕಿರುಚಾಡುತ್ತದೆ, ಯಾವ ಲಯಕ್ಕೂ ಸಿಗದ ಹಾಗೆ. ಅದನ್ನು ನುಡಿಸಿದವರು ಬ್ಯಾಂಡಿನಲ್ಲಿ ಹಲವು ವಾದ್ಯ ನುಡಿಸುವ ಮೋರ್ಗನ್ ಹೆಂಡರ್ಸನ್. ಮೊದಲ ಆಲ್ಬಮಿನ ಇಂಪಿಗೆ ಮಾರುಹೋದವರಿಗೆ ಇದು ಕಷ್ಟ. ನಾನು ಆ ಎರಡು ನಿಮಿಷ ಬಿಟ್ಟು ಕೇಳುವುದಿಲ್ಲ, ಅಲ್ಲಿಯೇ ಈ ಬ್ಯಾಂಡಿಗೆ ಧೈರ್ಯ ಬಂದದ್ದು.

2012ರ ಜನವರಿಯಲ್ಲಿ ಟೋಕಿಯೊದ ಕಾರ್ಯಕ್ರಮ ಮುಗಿಸಿ ಟಿಲ್ಮನ್ ಬ್ಯಾಂಡ್ ಬಿಟ್ಟರು. ಅದೇ ವರ್ಷ ಫಾದರ್ ಜಾನ್ ಮಿಸ್ಟಿ ಅನ್ನುವ ಹೆಸರಿನಲ್ಲಿ ಸ್ವಂತ ಆಲ್ಬಮ್ ತಂದು ತಮ್ಮದೇ ದೊಡ್ಡ ದಾರಿ ಮಾಡಿಕೊಂಡರು. ಪೆಕ್‌ನೋಲ್ಡ್ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಕೂತರು. ಹೆಸರು ಏರುತ್ತಿರುವಾಗ, ದುಡ್ಡು ಬರುತ್ತಿರುವಾಗ, ಎಲ್ಲ ನಿಲ್ಲಿಸಿ ತನಗಿಂತ ಚಿಕ್ಕವರ ಜೊತೆ ತರಗತಿಯಲ್ಲಿ ಕೂರುವುದು ಅಂದರೆ ಸಣ್ಣ ನಿರ್ಧಾರ ಅಲ್ಲ. ಆರು ವರ್ಷ ಹೊಸ ಆಲ್ಬಮ್ ಇಲ್ಲ.

2017ರ ಜೂನ್‌ನಲ್ಲಿ ಬಂದದ್ದು ‘ಕ್ರ್ಯಾಕ್-ಅಪ್’, ಈ ಸಲ ನಾನ್‌ಸಚ್ ಕಂಪನಿಯಿಂದ. ಇದು ಓದಿಕೊಂಡು ಬಂದ ಮನುಷ್ಯನ ಆಲ್ಬಮ್. ಕೆಲವು ಹಾಡುಗಳ ಹೆಸರಿನಲ್ಲಿ ಎರಡು ಮೂರು ಹೆಸರು ಸೇರಿಕೊಂಡಿವೆ. ಹಾಡುಗಳೂ ಹಾಗೇ, ನಡುವೆ ಕಡಿದು ಬೇರೆಯದಕ್ಕೆ ಅಂಟಿಸಿದಂತೆ. ಮೊದಲ ಹಾಡು ನಿದ್ದೆಗಣ್ಣಿನ ಗೊಣಗಾಟದಲ್ಲಿ ಶುರುವಾಗುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿಕೊಂಡಿರೋ, ಮುಂದಿನ ಕ್ಷಣ ಇಡೀ ಬ್ಯಾಂಡ್ ಕಿವಿಗೆ ಅಪ್ಪಳಿಸುತ್ತದೆ. ಅದೇ ಹಾಡಿನ ಕೊನೆಯಲ್ಲಿ ದೂರದಿಂದ ‘ವೈಟ್ ವಿಂಟರ್ ಹಿಮ್ನಲ್’ ಕೇಳಿಸುತ್ತದೆ. ಹಾಡುತ್ತಿರುವುದು ಬ್ಯಾಂಡಿನವರಲ್ಲ, ಹೈಸ್ಕೂಲ್ ಮಕ್ಕಳ ಕೋರಸ್. ಪೆಕ್‌ನೋಲ್ಡ್ 22ರ ಹೊತ್ತಿಗೆ ಕಟ್ಟಿದ ಹಾಡು ಈಗ ಬೇರೆಯವರ ಗಂಟಲಿನಲ್ಲಿ ಇದೆ. ನನಗೆ ಇಡೀ ಆಲ್ಬಮಿನ ಕೀಲಿ ಅಲ್ಲಿದೆ ಅನ್ನಿಸುತ್ತದೆ.

‘ಥರ್ಡ್ ಆಫ್ ಮೇ / ಓಡೈಗಹಾರಾ’ ಒಂಬತ್ತು ನಿಮಿಷದ ಹತ್ತಿರ ಇದೆ. ಮೇ 3 ಅಂದರೆ ಸ್ಕೈಲರ್ ಶೆಲ್ಸೆಟ್ ಹುಟ್ಟಿದ ದಿನ, ‘ಹೆಲ್ಪ್‌ಲೆಸ್‌ನೆಸ್ ಬ್ಲೂಸ್’ ಬಿಡುಗಡೆಯಾದ ದಿನವೂ ಹೌದು. ಸ್ಕೂಲಿನ ಗೆಳೆಯನ ಜೊತೆಗಿನ ನಂಟು, ಆ ನಂಟಿನ ಮೇಲೆ ಬಿದ್ದ ಒತ್ತಡ, ಎಲ್ಲ ಈ ಹಾಡಿನಲ್ಲಿದೆ. ನಾನು ಇದನ್ನು ಕಾರಿನಲ್ಲಿ ಹಾಕುವುದಿಲ್ಲ. ಕೂತು ಕೇಳಬೇಕಾದ ಹಾಡು.

ಆದರೂ ‘ಕ್ರ್ಯಾಕ್-ಅಪ್’ ಮೇಲೆ ನನಗೆ ದೂರು ಇದೆ. ಎಷ್ಟೋ ಕಡೆ ಪೆಕ್‌ನೋಲ್ಡ್ ದನಿ ವಾದ್ಯಗಳ ಕೆಳಗೆ ಹೂತುಹೋಗಿದೆ. ಸಾಹಿತ್ಯದ ಹಾಳೆ ಇಲ್ಲದೆ ಅರ್ಧ ಪದ ಸಿಗುವುದಿಲ್ಲ. ಗಂಟಲನ್ನೇ ನಂಬಿ ಬೆಳೆದ ಬ್ಯಾಂಡ್ ಗಂಟಲನ್ನೇ ಮರೆಮಾಡಿದರೆ ಹೇಗೆ? ಸಂಗೀತ ಬಲ್ಲವರು ಈ ಆಲ್ಬಮನ್ನು ತುಂಬಾ ಹೊಗಳುತ್ತಾರೆ. ಅದರ ಕಟ್ಟೋಣ ನನಗೂ ಮೆಚ್ಚುಗೆ. ಹೊಸಬರಿಗೆ ಮಾತ್ರ ಇದನ್ನು ಮೊದಲು ಕೊಡಬೇಡಿ, ಓಡಿಹೋಗುತ್ತಾರೆ.

ಈಗ ‘ಶೋರ್’. 2020ರ ಸೆಪ್ಟೆಂಬರ್ 22, ಹಗಲು ರಾತ್ರಿ ಸಮವಾಗುವ ದಿನ. ಸರಿಯಾಗಿ ಆ ಗಳಿಗೆಗೇ ಬಿಡುಗಡೆ ಮಾಡಿದರು. ನಮಗೆ ಸಿಯಾಟಲ್‌ನಲ್ಲಿ ಬೆಳಿಗ್ಗೆ ಆರೂವರೆ, ಊರಿನಲ್ಲಿ ಸಂಜೆ ಏಳು ಗಂಟೆ. ಮುಂಚೆ ತಿಂಗಳುಗಟ್ಟಲೆ ಪ್ರಚಾರ ಏನೂ ಇರಲಿಲ್ಲ. ಕೋವಿಡ್ ಕಾಲ, ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಪೆಕ್‌ನೋಲ್ಡ್‌ಗೆ ಹಾಡುಗಳ ಸಾಹಿತ್ಯ ಹೊಳೆದದ್ದು ನ್ಯೂಯಾರ್ಕಿನ ಉತ್ತರದ ರಸ್ತೆಗಳಲ್ಲಿ ಒಬ್ಬರೇ ಕಾರು ಓಡಿಸುತ್ತಾ ಹೋಗುವಾಗಂತೆ. ಬ್ಯಾಂಡಿನ ಉಳಿದವರು ಈ ಆಲ್ಬಮಿನಲ್ಲಿ ನುಡಿಸಿಲ್ಲ.

ಅಂದಮೇಲೆ ಇದು ಒಬ್ಬಂಟಿಯ ಆಲ್ಬಮ್ ಆಗಬೇಕಿತ್ತು ಅಲ್ವಾ? ಆಗಿರುವುದು ಅದರ ವಿರುದ್ಧ. ಪ್ಲೇ ಒತ್ತಿದರೆ ಮೊದಲು ಕೇಳಿಸುವುದು ಪೆಕ್‌ನೋಲ್ಡ್ ದನಿಯಲ್ಲ, ಒಬ್ಬ ಹುಡುಗಿಯ ದನಿ. ಅವರ ಹೆಸರು ಉವಾಡೆ. ಫ್ಲೀಟ್ ಫಾಕ್ಸಸ್‌ನ ಹಳೆಯ ಹಾಡು ‘ಮಿಕೊನೊಸ್’ ಅನ್ನು ಉವಾಡೆ ಹಾಡಿ ಇಂಟರ್‌ನೆಟ್‌ಗೆ ಹಾಕಿದ್ದರು. ಅದನ್ನು ಕೇಳಿದ ಪೆಕ್‌ನೋಲ್ಡ್ ತಮ್ಮ ಆಲ್ಬಮಿನ ಬಾಗಿಲನ್ನೇ ಅವರ ಕೈಯಲ್ಲಿ ತೆಗೆಸಿದರು. ಎರಡನೇ ಹಾಡು ‘ಸನ್‌ಬ್ಲೈಂಡ್’ ತೀರಿಕೊಂಡ ಹಾಡುಗಾರರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತದೆ: ರಿಚರ್ಡ್ ಸ್ವಿಫ್ಟ್, ಜಾನ್ ಪ್ರೈನ್, ಬಿಲ್ ವಿದರ್ಸ್, ಜೂಡಿ ಸಿಲ್. ಜಾನ್ ಪ್ರೈನ್ ಆ ಏಪ್ರಿಲ್‌ನಲ್ಲಷ್ಟೇ ಕೋವಿಡ್‌ನಿಂದ ಹೋಗಿದ್ದರು. ಇಷ್ಟಾದರೂ ಅಳುವ ಹಾಡಲ್ಲ ಅದು, ಬಿಸಿಲಿನಲ್ಲಿ ಈಜಲು ಹೊರಟವನ ಉತ್ಸಾಹ ಇದೆ. ಗುರುಗಳನ್ನು ನೆನೆದು ಕಚೇರಿ ಶುರು ಮಾಡುವುದು ನಮಗೆ ಹೊಸದಲ್ಲ, ಅದಕ್ಕೇ ಇದು ನಮ್ಮವರಿಗೆ ಬೇಗ ಹತ್ತಿರವಾಗುತ್ತದೆ.

ಮೂರನೆಯದು ‘ಕ್ಯಾನ್ ಐ ಬಿಲೀವ್ ಯೂ’. ಇಲ್ಲಿ ಹಿಂದೆ ಕೇಳುವ ದನಿಗಳು ಅಭಿಮಾನಿಗಳದು. ನೂರಾರು ಜನ ತಮ್ಮ ತಮ್ಮ ಮನೆಯಲ್ಲಿ ಹಾಡಿ ಕಳಿಸಿದ ತುಣುಕುಗಳನ್ನು ಒಟ್ಟು ಸೇರಿಸಿದ್ದಾರೆ. 2008ರಲ್ಲಿ ಒಬ್ಬನೇ ಹತ್ತು ಜನರಂತೆ ಹಾಡಿದ್ದ. 2020ರಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಿದ್ದಾಗ ನಿಜವಾಗಿಯೂ ನೂರಾರು ಜನರನ್ನು ಕೂಡಿಸಿ ಹಾಡಿಸಿದ. ಆ ವರ್ಷ ನಮ್ಮ ಬಳಗದ ಕೋರಸ್ ಜೂಮ್‌ನಲ್ಲಿ ಎಷ್ಟು ಪಾಡು ಪಟ್ಟಿತು ಅಂತ ನೋಡಿದ್ದೇನೆ. ಒಬ್ಬರ ದನಿ ಮುಂದೆ, ಇನ್ನೊಬ್ಬರದು ಹಿಂದೆ, ಶ್ರುತಿ ಯಾವುದೋ ತಾಳ ಯಾವುದೋ. ಅದಕ್ಕೇ ಆ ಹಾಡಿನಲ್ಲಿ ದನಿಗಳು ಒಟ್ಟಿಗೆ ಏಳುವ ಜಾಗ ಬಂದಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಒಟ್ಟು 15 ಹಾಡು, 55 ನಿಮಿಷ. ಕೊನೆಯ ಭಾಗ ಸ್ವಲ್ಪ ಜಗ್ಗುತ್ತದೆ, ಒಂದೆರಡು ಹಾಡು ಕಮ್ಮಿ ಇದ್ದಿದ್ದರೂ ನಡೆಯುತ್ತಿತ್ತು. ಬಿಟ್ಟುಬಿಡಬಾರದ್ದು ‘ಗೋಯಿಂಗ್-ಟು-ದ-ಸನ್ ರೋಡ್’. ಅದರ ಕೊನೆಯಲ್ಲಿ ಬ್ರೆಜಿಲ್‌ನ ಟಿಮ್ ಬರ್ನಾರ್ಡೆಸ್ ಬಂದು ಪೋರ್ಚುಗೀಸಿನಲ್ಲಿ ಹಾಡುತ್ತಾರೆ.

ಇವರನ್ನು ನಾನು ನೇರವಾಗಿ ಕೇಳಿದ್ದು 2022ರ ಬೇಸಿಗೆಯ ಟೂರ್‌ನಲ್ಲಿ, ಬಯಲಿನಲ್ಲಿ. ಕಾರು ನಿಲ್ಲಿಸಲು ಉದ್ದ ಸಾಲು, ಮೊದಲೆರಡು ಹಾಡಿಗೆ ಬೇಸ್ ಸ್ಪೀಕರ್ ಗುಂಯ್‌ಗುಡುತ್ತಿತ್ತು. ಆಮೇಲೆ ಸರಿಹೋಯಿತು. ಬ್ಯಾಂಡಿನ ಜೊತೆಗೆ ವೆಸ್ಟರ್ಲೀಸ್ ಅನ್ನುವ ನಾಲ್ವರ ತುತ್ತೂರಿ ತಂಡವೂ ಇತ್ತು. ಮೋರ್ಗನ್ ಹೆಂಡರ್ಸನ್ ನಿಂತ ಜಾಗ ವಾದ್ಯದಂಗಡಿಯ ಹಾಗಿತ್ತು. ಈಗ ಕೊಳಲು, ಇನ್ನೊಂದು ಗಳಿಗೆಗೆ ಸ್ಯಾಕ್ಸೋಫೋನ್. ನಡುವೆ ಉಳಿದವರೆಲ್ಲ ಒಳಗೆ ಹೋಗಿ ಪೆಕ್‌ನೋಲ್ಡ್ ಒಬ್ಬರೇ ಗಿಟಾರ್ ಹಿಡಿದು ನಿಂತರು. ರೆಕಾರ್ಡಿನಲ್ಲಿ ಕೇಳುವುದಕ್ಕಿಂತ ದನಿ ದಪ್ಪ. ಮೇಲಿನ ಸ್ವರಕ್ಕೆ ಹೋಗುವಾಗ ತಲೆ ಸ್ವಲ್ಪ ಎಡಕ್ಕೆ ವಾಲುತ್ತದೆ.

‘ವೈಟ್ ವಿಂಟರ್ ಹಿಮ್ನಲ್’ ಬಂದಾಗ ಮೈದಾನದವರೆಲ್ಲ ಹಾಡಿದರು. ನನ್ನ ಪಕ್ಕದಲ್ಲಿ ಹದಿನೈದು ಹದಿನಾರರ ಹುಡುಗಿ, ಅವರಮ್ಮನ ಜೊತೆ ಬಂದಿದ್ದಳು. ಎಲ್ಲರೂ ಮೇಲಿನ ದನಿ ಹಾಡುತ್ತಿದ್ದರೆ ಇವಳು ಯಾವ ಅಳುಕೂ ಇಲ್ಲದೆ ನಡುವಿನ ದನಿ ಹಿಡಿದು ಹಾಡಿದಳು. ಸ್ಕೂಲಿನಲ್ಲಿ ಕಲಿತದ್ದಾ ಅಂತ ಕೇಳಿದೆ. ಹೌದು, ನಾನು ಆಲ್ಟೊ ಅಂದಳು, ಅಂದರೆ ಕೋರಸ್ಸಿನಲ್ಲಿ ನಡುವಿನ ದನಿಯವಳು. ಸುತ್ತ ಇಷ್ಟೊಂದು ಜನ ಬೇರೆ ಸ್ವರ ಹಾಡುವಾಗ ತನ್ನ ಸ್ವರ ಬಿಡದೆ ನಿಲ್ಲುವುದನ್ನು ಇಲ್ಲಿನ ಸ್ಕೂಲುಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ನಮ್ಮ ಬಳಗದ ಮಕ್ಕಳಿಗೂ ಹೇಳಿಕೊಟ್ಟರೆ ‘ಹಚ್ಚೇವು ಕನ್ನಡದ ದೀಪ’ ಹೇಗೆ ಕೇಳಬಹುದು ಅಂತ ಆವತ್ತಿನಿಂದ ಯೋಚನೆ ಹತ್ತಿದೆ. ಈ ವರ್ಷ ಎರಡು ದನಿಯಲ್ಲಿ ಪ್ರಯತ್ನ ಶುರುವಾಗಿದೆ.

ಕೊಳ್ಳುವವರಿಗೆ ನಾಲ್ಕು ಮಾತು. ಈ ನಾಲ್ಕರ ಹೊರಗೆ ‘ಎ ವೆರಿ ಲೋನ್ಲಿ ಸಾಲ್‌ಸ್ಟಿಸ್’ ಅಂತ ಒಂದು ಲೈವ್ ಆಲ್ಬಮ್ ಇದೆ. 2020ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್ನಿನ ಒಂದು ಚರ್ಚಿನಲ್ಲಿ ಪೆಕ್‌ನೋಲ್ಡ್ ಹೆಚ್ಚುಕಮ್ಮಿ ಒಬ್ಬರೇ ಹಾಡಿದ್ದು, ಮರುವರ್ಷ ಬಿಡುಗಡೆಯಾಯಿತು. ಚೆನ್ನಾಗಿದೆ, ಆದರೆ ಮೂಲ ಹಾಡುಗಳು ಬಾಯಿಗೆ ಬಂದವರಿಗೆ ಮಾತ್ರ. 2018ರ ‘ಫಸ್ಟ್ ಕಲೆಕ್ಷನ್’ ಪೆಟ್ಟಿಗೆಯಲ್ಲಿ ಮೊದಲ ಆಲ್ಬಮ್, ‘ಸನ್ ಜೈಂಟ್’ ಅನ್ನುವ ಕಿರು ಆಲ್ಬಮ್, ಅದಕ್ಕೂ ಹಿಂದಿನ 2006ರ ಹಾಡುಗಳು ಎಲ್ಲ ಇವೆ. ‘ಮಿಕೊನೊಸ್’ ಇರುವುದು ‘ಸನ್ ಜೈಂಟ್’ನಲ್ಲಿ, ಮೊದಲ ಆಲ್ಬಮಿನಲ್ಲಿ ಹುಡುಕಬೇಡಿ. ಪೆಟ್ಟಿಗೆ ದುಬಾರಿ, ಪೂರ್ತಿ ಹುಚ್ಚು ಹಿಡಿದವರು ತೆಗೆದುಕೊಳ್ಳಲಿ. ಉಳಿದವರಿಗೆ ಎಲ್ಲ ಹಾಡೂ ಮೊಬೈಲಿನಲ್ಲೇ ಸಿಗುತ್ತವೆ. ಒಂದೇ ಒಂದು ಎಲ್‌ಪಿಗೆ ದುಡ್ಡು ಇದೆ ಅಂದರೆ ಆ ಬ್ರೂಗಲ್ ಚಿತ್ರ ಇರುವ ಮೊದಲ ಆಲ್ಬಮನ್ನು ಕೊಳ್ಳಿ, ‘ಶೋರ್’ ಅನ್ನು ಫೋನಿನಲ್ಲೇ ಕೇಳಿ. ಹೆಡ್‌ಫೋನ್ ಮಾತ್ರ ಒಳ್ಳೆಯದಿರಲಿ. ಫೋನಿನ ಸ್ಪೀಕರಿನಲ್ಲಿ ನಡುವಿನ ದನಿ ಸಿಗುವುದೇ ಇಲ್ಲ.